ಅಡಕೆ ಮಧ್ಯೆ ಕಾಫಿ ಹಾಕಿದ್ರೆ ಗಿಟ್ಟುತ್ತಾ? ಬಿಳಿಗಿರಿರಂಗನ ಬೆಟ್ಟ ನೋಡ್ಕೊಂಡು ಬಂದ ಮೇಲೆ ಕೇಳ್ತಿದ್ದೀನಿ

ಚೇಳೂರು ತೋಟ
ಎಲ್ಲರಿಗೂ ನಮಸ್ಕಾರ. ನಮ್ಮದು ಗುಬ್ಬಿ ತಾಲ್ಲೂಕು, ಚೇಳೂರು ಹೋಬಳಿ. ಮೂರು ಎಕರೆ ಅಡಕೆ, ಹದಿನಾಲ್ಕು ವರ್ಷದ ತೋಟ, ಒಂಬತ್ತು ಅಡಿ ಅಂತರ. ಎರಡು ಬೋರು, ಅದರಲ್ಲಿ ಒಂದು ಬೇಸಿಗೆಗೆ ಕೈ ಕೊಡುತ್ತೆ. ತೋಟದ ಆಚೆ ಒಂದೂವರೆ ಎಕರೆ ಖುಷ್ಕಿ, ಕಾಡಂಚಿಗೆ ತಾಗಿಕೊಂಡಿದೆ. ತಾತನ ಕಾಲದ ಎರಡು ಹುಣಸೆ, ನಾಲ್ಕೈದು ಹೊಂಗೆ, ಒಂದು ಹಲಸು ಬಿಟ್ಟರೆ ಅಲ್ಲೇನಿಲ್ಲ. ಹಂದಿ ಕಾಟಕ್ಕೆ ರಾಗಿ ಹಾಕೋದು ಬಿಟ್ಟು ಮೂರು ವರ್ಷ ಆಯ್ತು.

ಹೋದ ತಿಂಗಳು ಮನೆಯವರನ್ನ ಕರ್ಕೊಂಡು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿದ್ದೆ. ಅಲ್ಲಿನ ಕಾಡಿನ ಜನ ಸೋಲಿಗರ ಮನೆಗಳ ಹಿಂದೆ ದೊಡ್ಡ ದೊಡ್ಡ ಮರ, ಅದರ ಕೆಳಗೆ ಕಾಫಿ. ಒಬ್ಬ ಹಿರಿಯರು ಮಾತಿಗೆ ಸಿಕ್ಕಿದ್ರು. ಅವರದೂ ಒಂದೂವರೆ ಎಕರೆನೇ. ನೀರು ಕಟ್ಟಲ್ಲ, ಅಂಗಡಿ ಗೊಬ್ಬರ ಹಾಕಲ್ಲ. "ಮಗಳ ಕಾಲೇಜು ಫೀಸು ಕಾಫಿ ನೋಡ್ಕೊಳ್ತದೆ" ಅಂದ್ರು. ಆ ಮಾತು ತಲೆಯಲ್ಲೇ ಉಳಿದುಬಿಡ್ತು.

ಊರಿಗೆ ಬಂದ ವಾರದಲ್ಲೇ ನರ್ಸರಿಯವರು ಗಾಡಿ ತುಂಬಾ ಸಸಿ ತಂದರು. ಚಂದ್ರಗಿರಿ ಅಂತೆ. ಎರಡನೇ ವರ್ಷಕ್ಕೆ ಫಸಲು, ಗಿಡಕ್ಕೆ ಐದು ಕೆಜಿ ಅಂತೆ. ನಮ್ಮೂರಲ್ಲಿ ಆಗಲೇ ನಾಲ್ಕು ಜನ ತಗೊಂಡವ್ರೆ. ನಾನಿನ್ನೂ ತಗೊಂಡಿಲ್ಲ.

ಕಾಡಿನವರಿಗೆ ಕಾಫಿಯಿಂದ ನಿಜವಾಗ್ಲೂ ಅಷ್ಟು ಆದಾಯ ಐತಾ? ಐತೆ ಅಂದ್ರೆ ಅದು ನಮ್ಮ ಕಡೆ ಬರುತ್ತಾ? ಬೆಳೆದವರು ಇದ್ರೆ ಅನುಭವ ಹೇಳಿ.

ಹೊನ್ನವಳ್ಳಿ
ನೀರಿದ್ರೆ ಹಾಕಿ, ಇಲ್ಲ ಅಂದ್ರೆ ಬಿಡಿ. ಅಷ್ಟೇ.

ಮೂಡಿಗೆರೆ ಮಳೆ
ದಯವಿಟ್ಟು ನರ್ಸರಿ ಗಾಡಿಯವರ ಮಾತು ಕೇಳಿ ದುಡ್ಡು ಕೊಡಬೇಡಿ. ನಮ್ಮದು ಮೂಡಿಗೆರೆ ಹತ್ತಿರ ಆರು ಎಕರೆ, ಮೂರು ತಲೆಮಾರಿನಿಂದ ಕಾಫಿ.

ಚಂದ್ರಗಿರಿ ಒಳ್ಳೆ ತಳಿನೇ, ಬಾಳೆಹೊನ್ನೂರು ಸಂಶೋಧನಾ ಕೇಂದ್ರದವರು 2007ರಲ್ಲಿ ಬಿಟ್ಟಿದ್ದು. ಆದರೆ ಅದು ಅರೇಬಿಕಾ. ಅರೇಬಿಕಾಕ್ಕೆ ಸಮುದ್ರಮಟ್ಟದಿಂದ 1,000ದಿಂದ 1,500 ಮೀಟರ್ ಎತ್ತರ ಬೇಕು, 1,600 ಮಿಲಿಮೀಟರಿಗೆ ಕಡಿಮೆ ಇಲ್ಲದ ಮಳೆ ಬೇಕು, ತಂಪು ಬೇಕು. ತುಮಕೂರು ಇರೋದು ಸುಮಾರು 800 ಮೀಟರಲ್ಲಿ, ಮಳೆ ಇದರ ಅರ್ಧವೂ ಇಲ್ಲ. ಬಿಸಿಲು ಜಾಸ್ತಿ ಇದ್ದಲ್ಲಿ ಅರೇಬಿಕಾಕ್ಕೆ ಬಿಳಿ ಕಾಂಡಕೊರಕ ಬೀಳುತ್ತೆ. ಅದು ಹೊಕ್ಕ ಗಿಡಕ್ಕೆ ಔಷಧಿ ಇಲ್ಲ, ಕಿತ್ತು ಸುಡೋದೇ. ನಾವು ಮಳೆ ಸುರಿಯೋ ಜಾಗದಲ್ಲಿದ್ದೂ ವರ್ಷಕ್ಕೆ ಎಷ್ಟು ಗಿಡ ಸುಡ್ತೀವಿ ಅಂತ ನಮಗೇ ಗೊತ್ತು.

ಎತ್ತರದ ಲೆಕ್ಕದಲ್ಲಿ ನಿಮಗೆ ಹೊಂದೋದು ರೊಬಸ್ಟಾ. 500ರಿಂದ 1,000 ಮೀಟರಲ್ಲಿ ಬರುತ್ತೆ, ಬಿಸಿ ತಡೆಯುತ್ತೆ. ಆದರೂ 1,000 ಮಿಲಿಮೀಟರ್ ಮಳೆ ಕೇಳುತ್ತೆ. ನಿಮ್ಮಲ್ಲಿ ಕಡಿಮೆ ಬಿದ್ದಿದ್ದನ್ನ ಬೋರಿನಿಂದ ತುಂಬಬೇಕು. ಎರಡನೇ ವರ್ಷಕ್ಕೆ ಫಸಲು ಅಂದವರು ಸುಳ್ಳು ಹೇಳಿದ್ದಾರೆ. ಮೂರನೇ ವರ್ಷ ಮುಖ ತೋರಿಸುತ್ತೆ, ಐದಾರನೇ ವರ್ಷಕ್ಕೆ ಫಸಲು ಅಂತ ಕರೀಬಹುದು.

ಚೇಳೂರು ತೋಟ
@ಮೂಡಿಗೆರೆ ಮಳೆ ಸರ್, ಅರೇಬಿಕಾ-ರೊಬಸ್ಟಾ ವ್ಯತ್ಯಾಸ ಆ ಗಾಡಿಯವರು ಹೇಳ್ಲೇ ಇಲ್ಲ. ಕಾಫಿ ಅಂದ್ರೆ ಕಾಫಿ ಅಂದ್ಕೊಂಡಿದ್ದೆ. ತಗೊಂಡ ನಾಲ್ಕು ಜನಕ್ಕೂ ಇದನ್ನ ತೋರಿಸ್ತೀನಿ.

ಬಯಲು ಮಣ್ಣು
ಕೋಲಾರದಿಂದ ಬರೀತಿದ್ದೀನಿ, ಮುಳಬಾಗಿಲು ಕಡೆ. ಸಿಟ್ಟು ಬರ್ತಿದೆ, ಕ್ಷಮಿಸಿ. ನಮ್ಮಪ್ಪ ಎಂಬತ್ತು ಅಡಿಯ ಬಾವಿಯಿಂದ ಎತ್ತು ಕಟ್ಟಿ ನೀರೆತ್ತೋ ಕಪಿಲೆ ಹೊಡೆದವರು. ನಾನು 1,300 ಅಡಿ ಕೊರೆಸಿ ದೂಳು ನೋಡಿದವನು. ಮೂರು ಬೋರಿಗೆ ಹಾಕಿದ ಸಾಲ ಇನ್ನೂ ತೀರಿಲ್ಲ. 2018ರಲ್ಲಿ ಕೆ.ಸಿ. ವ್ಯಾಲಿ ನೀರು ಕೆರೆಗೆ ಬಂದ ಮೇಲೆ ಒಂದಿಷ್ಟು ಊರಲ್ಲಿ ಬೋರು ಉಸಿರಾಡ್ತಿವೆ, ಅದೂ ಬೆಂಗಳೂರಿನ ಕೊಳಚೆ ಸೋಸಿ ಕಳಿಸಿದ ನೀರು.

ತುಮಕೂರಿನವರು ಒಣ ಜಮೀನಿಗೆಲ್ಲ ಅಡಕೆ ಇಟ್ಟಿರಿ. ಈಗ ಅದರ ಕೆಳಗೆ ಕಾಫಿ. ಕಾಫಿಗೆ ಹೂ ಬರಿಸಲು ಒಂದು ಇಂಚು ನೀರು ಸ್ಪ್ರಿಂಕ್ಲರಲ್ಲಿ ಕೊಡಬೇಕು ಅಂತಾರಲ್ಲ, ಒಂದು ಎಕರೆಗೆ ಒಂದು ಇಂಚು ಅಂದ್ರೆ ಎಷ್ಟು ಗೊತ್ತಾ? ಒಂದು ಲಕ್ಷ ಲೀಟರ್. ಮಾರ್ಚ್ ತಿಂಗಳಲ್ಲಿ! ಬಿಳಿಗಿರಿಯಲ್ಲಿ ಆ ನೀರನ್ನ ಮೋಡ ಕೊಡುತ್ತೆ. ಇಲ್ಲಿ ಯಾರು ಕೊಡ್ತಾರೆ?

ಹುಳಿಯಾರ್ ಹೈದ
@ಬಯಲು ಮಣ್ಣು ಅಣ್ಣ, ನಿಮ್ಮ ನೋವು ಅರ್ಥ ಆಗುತ್ತೆ. ಆದ್ರೆ ಅಡಕೆಗೆ ಹೆಂಗೂ ನೀರು ಬಿಡ್ತೀವಲ್ಲ, ಅದೇ ನೀರಲ್ಲಿ ಇನ್ನೊಂದು ಬೆಳೆ ಬಂದ್ರೆ ತಪ್ಪೇನು?

ಚಿಕ್ಕನಾಯಕನಹಳ್ಳಿ ತಾಲ್ಲೂಕಲ್ಲಿ ನಾನು ಹಾಕಿ ಐದು ವರ್ಷ ಮುಗೀತು. ಎರಡು ಎಕರೆ ಅಡಕೆಯಲ್ಲಿ ಸಾಲು ಬಿಟ್ಟು ಸಾಲು, ನಾಲ್ಕು ಮರದ ನಡುವೆ ಒಂದರಂಗೆ 500 ರೊಬಸ್ಟಾ. ಮೊದಲ ವರ್ಷ ಅರವತ್ತು ಗಿಡ ಸತ್ತವು, ಮತ್ತೆ ಇಟ್ಟೆ. ನಾಲ್ಕನೇ ವರ್ಷ ಆರು ಮೂಟೆ ಒಣಗಿದ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು), ಐದನೇ ವರ್ಷ ಹನ್ನೊಂದು ಮೂಟೆ. ಮೂಟೆ ಅಂದ್ರೆ 50 ಕೆಜಿ. ರೇಟು ಮೇಲಿದ್ದಾಗ ಸಿಕ್ತು, ಹತ್ತು ಸಾವಿರದ ಇನ್ನೂರರಂತೆ ಕೊಟ್ಟೆ.

ಕಷ್ಟನೂ ಹೇಳ್ತೀನಿ. ಅಡಕೆ ಹಾಳೆ, ಗೊನೆ ಬಿದ್ದು ಕಾಫಿ ರೆಕ್ಕೆ (ಅಡ್ಡ ಕೊಂಬೆ) ಮುರಿಯುತ್ತೆ. ಉದುರಿದ ಅಡಕೆ ಗಿಡದ ಬುಡದಲ್ಲಿ ಸಿಗಲ್ಲ. ಎಲ್ಲಕ್ಕಿಂತ ದೊಡ್ಡ ಪಾಠ ಹೂವಿನದು. ರೊಬಸ್ಟಾಕ್ಕೆ ಸಂಕ್ರಾಂತಿ ಆಸುಪಾಸು ಒಂದಷ್ಟು ದಿನ ಬಾಯಾರಿಸಬೇಕು, ಆಮೇಲೆ ಒಂದೇ ಸಲ ಚೆನ್ನಾಗಿ ಮಳೆ ಬಿದ್ದಂಗೆ ನೀರು ಕೊಡಬೇಕು. ಆಗ ತೋಟವೆಲ್ಲ ಒಂದೇ ದಿನ ಮಲ್ಲಿಗೆ ಚೆಲ್ಲಿದಂಗೆ ಅರಳುತ್ತೆ. ನಾವು ಅಡಕೆಗೆ ಅಂತ ವರ್ಷವೆಲ್ಲ ಡ್ರಿಪ್ ಬಿಡ್ತೀವಿ. ಹಂಗಾಗಿ ಹೂವು ಕಂತು ಕಂತಾಗಿ ಬಂತು, ಹಣ್ಣೂ ಹಂಗೇ. ಒಂದು ಸಲ ಕೊಯ್ಯೋ ಕಡೆ ನಾಲ್ಕು ಸಲ ಕೊಯ್ದೆ.

ನಮಗಿರೋ ಲಾಭ ಒಂದು, ಡಿಸೆಂಬರ್-ಜನವರಿ ಬಿಸಿಲು. ರಾಗಿ ಕಣದಲ್ಲಿ ಹರವಿದ್ರೆ ಹತ್ತು-ಹನ್ನೆರಡು ದಿನಕ್ಕೆ ಕೈಯಲ್ಲಿ ಅಲ್ಲಾಡಿಸಿದ್ರೆ ಗಲಗಲ ಅನ್ನುತ್ತೆ. ಮಲೆನಾಡಲ್ಲಿ ಕೊಯ್ಲಿನ ಟೈಮಲ್ಲಿ ಮಳೆ ಬಂದು ಕೊಳೆಸ್ಕೊಳ್ಳೋದು ನೋಡಿದ್ದೀನಿ.

ಮೂಡಿಗೆರೆ ಮಳೆ
ಹೂವಿನ ವಿಷಯ ನೂರಕ್ಕೆ ನೂರು ಸರಿ. ಒಂದು ಸೇರಿಸ್ತೀನಿ: ರೊಬಸ್ಟಾ ತನ್ನ ಪರಾಗಕ್ಕೆ ತಾನೇ ಕಾಯಿ ಕಟ್ಟಲ್ಲ, ಬೇರೆ ಗಿಡದ ಪರಾಗ ಬೇಕು. ಗಾಳಿ, ಜೇನು ಎರಡೂ ಬೇಕು. ಹೂವಿನ ವಾರದಲ್ಲಿ ಅಡಕೆಗೆ ಔಷಧಿ ಹೊಡೆದರೆ ಜೇನು ಸಾಯುತ್ತೆ, ಕಾಯಿನೂ ಹೋಗುತ್ತೆ.

ಲೆಕ್ಕದ ಪುಸ್ತಕ
@ಹುಳಿಯಾರ್ ಹೈದ, ಖರ್ಚು ಬರೆದಿಲ್ಲ ನೀವು. ಅದಿಲ್ಲದೆ ಇದು ಅರ್ಧ ಲೆಕ್ಕ. ನಾನು ಬ್ಯಾಂಕಲ್ಲಿ ಬೆಳೆ ಸಾಲ ನೋಡಿದವನು, ತಪ್ಪು ತಿಳ್ಕೋಬೇಡಿ.

ಹುಳಿಯಾರ್ ಹೈದ
ತಪ್ಪೇನಿಲ್ಲ ಸರ್. ಡೈರಿ ನೋಡಿ ಬರೀತಿದ್ದೀನಿ, ಐದನೇ ವರ್ಷದ್ದು. ಹಣ್ಣು ಸುಮಾರು 1,300 ಕೆಜಿ. ನಮ್ಮ ಕಡೆ ಹೆಣ್ಣಾಳುಗಳಿಗೆ ಕಾಫಿ ಕೊಯ್ದು ರೂಢಿ ಇಲ್ಲ, ದಿನಕ್ಕೆ ನಲವತ್ತು ಕೆಜಿ ಕಷ್ಟ. 32 ಆಳು, 400ರಂತೆ 12,800. ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ 12,000. ಚಿಗುರು ತೆಗೆಯೋದು, ಕಳೆ 8,000. ಹಾಸನಕ್ಕೆ ಸಾಗಿಸಿದ್ದು 3,000. ಕರೆಂಟು ಅಡಕೆ ಲೆಕ್ಕದಲ್ಲಿ ಹೋಯ್ತು. ಮನೆಯವರ ದುಡಿಮೆ ಹಿಡಿದಿಲ್ಲ.

ಲೆಕ್ಕದ ಪುಸ್ತಕ
ಖರ್ಚು 35,800. ಹನ್ನೊಂದು ಮೂಟೆಗೆ ಬಂದಿದ್ದು 1,12,200. ಎರಡು ಎಕರೆಗೆ 76,400 ಉಳೀತು. ಅಡಕೆ ಅಲ್ಲದೆ, ಅದೇ ನೆಲದಲ್ಲಿ. ಚೆನ್ನಾಗಿದೆ.

ಈಗ ಇನ್ನೊಂದು ಬದಿ ನೋಡಿ. ರೊಬಸ್ಟಾ ಚೆರ್ರಿ ಮೂಟೆ 10,000 ದಾಟಿದ್ದು 2024ರಲ್ಲಿ. ವಿಯೆಟ್ನಾಮಲ್ಲಿ ಬರ ಬಿದ್ದು ಅಲ್ಲಿನ ಫಸಲು ಕಡಿಮೆ ಆಗಿದ್ದು ಅದಕ್ಕೆ ದೊಡ್ಡ ಕಾರಣ. ಅದಕ್ಕೆ ನಾಲ್ಕೈದು ವರ್ಷ ಮುಂಚೆ ಇದೇ ಮೂಟೆ 3,500ರ ಆಸುಪಾಸಿತ್ತು. ಆ ರೇಟಿಗೆ ನಿಮ್ಮ ಹನ್ನೊಂದು ಮೂಟೆ 38,500. ಖರ್ಚು ಕಳೆದರೆ 2,700 ರೂಪಾಯಿ. ವರ್ಷಕ್ಕೆ! ಸಸಿ ಹಾಕಿದ ಮೇಲೆ ಐದು ವರ್ಷ ಕಾಯ್ತೀರಿ, ಅಷ್ಟರಲ್ಲಿ ರೇಟು ಎಲ್ಲಿರುತ್ತೆ ಅನ್ನೋದು ನಿಮ್ಮ ಕೈಯಲ್ಲಿಲ್ಲ, ಕಾಫಿ ಮಂಡಳಿ ಕೈಯಲ್ಲೂ ಇಲ್ಲ.

ಹುಳಿಯಾರ್ ಹೈದ
ಈ ಲೆಕ್ಕ ನಾನು ಯಾವತ್ತೂ ಹಾಕಿರ್ಲಿಲ್ಲ. ರಾತ್ರಿ ನಿದ್ದೆ ಬರಲ್ಲ ಇವತ್ತು.

ಸೋಮವಾರಪೇಟೆ ಅಕ್ಕ
ನಿದ್ದೆ ಬರದ ರಾತ್ರಿ ಕೊಡಗಿನವರಿಗೆ ಹೊಸದಲ್ಲ. 2001-02ರಲ್ಲಿ ರೇಟು ಬಿದ್ದಾಗ ನಮ್ಮ ಮನೆಯಲ್ಲಿ ಕೊಯ್ಲಿನ ಕೂಲಿಗೂ ಹುಟ್ಟಲಿಲ್ಲ. ಗಿಡದಲ್ಲೇ ಹಣ್ಣು ಒಣಗಿತು. ಆವತ್ತು ಮನೆ ನಡೆಸಿದ್ದು ಕಾಳುಮೆಣಸು, ಕಿತ್ತಳೆ, ಹಳ್ಳದ ಗದ್ದೆಯ ಭತ್ತ.

ಹಾಗಾಗಿ "ಕಾಫಿಯಿಂದ ಲಾಭ" ಅನ್ನೋ ಮಾತನ್ನೇ ಸ್ವಲ್ಪ ತಿರುಗಿಸಿ ಕೇಳಿ ಅಂತೀನಿ. ಕಾಫಿ ತೋಟದಿಂದ ಲಾಭ ಎಷ್ಟು? ಮರದ ಮೇಲೆ ಮೆಣಸು, ಮರದಲ್ಲಿ ಹಲಸು, ಸೌದೆ, ಸೊಪ್ಪು, ಜೇನು, ತುರ್ತಿಗೆ ಒಂದು ಮರ. ಕಾಫಿ ಬಿದ್ದ ವರ್ಷ ಮೆಣಸು ಎತ್ತುತ್ತೆ, ಮೆಣಸಿಗೆ ಸೊರಗು ರೋಗ ಬಂದ ವರ್ಷ ಕಾಫಿ ಎತ್ತುತ್ತೆ. ಎರಡೂ ಬಿದ್ದ ವರ್ಷವೂ ಕಂಡಿದ್ದೇವೆ, ಆದರೆ ಅದು ಅಪರೂಪ.

ಒಂದು ಬೇಜಾರಿನ ಸಂಗತಿ. ನಮ್ಮಲ್ಲಿ ನಂದಿ, ಮತ್ತಿ, ಬೀಟೆ, ಅತ್ತಿ ತೆಗೆದು ಸಿಲ್ವರ್ ಓಕ್ ನೆಟ್ಟವರು ತುಂಬಾ. ಅದು ಆಸ್ಟ್ರೇಲಿಯಾದ ಮರ, ಬೇಗ ಬೆಳೆಯುತ್ತೆ, ಮೆಣಸು ಹಬ್ಬಿಸಲು ನೇರ, ಕಡಿಯಲು ರಗಳೆ ಕಡಿಮೆ. ಊರ ಜಾತಿಯ ಮರಕ್ಕೆ ಕೈ ಹಾಕಿದರೆ ಅರ್ಜಿ, ಪರವಾನಗಿ. ಮರ ಉಳಿಸೋಣ ಅಂತ ಮಾಡಿದ ಕಾನೂನೇ ಜನ ಕಾಡುಮರ ನೆಡದ ಹಾಗೆ ಮಾಡಿತು. ನನ್ನ ಅತ್ತೆ ಒಂದು ಅತ್ತಿ ಮರವನ್ನೂ ಕಡಿಯಲು ಬಿಡಲಿಲ್ಲ. ಅದರ ಕೆಳಗಿನ ಕಾಫಿ ಬೇಸಿಗೆಯಲ್ಲಿ ಬಾಡುವುದಿಲ್ಲ, ನಾನೇ ನೋಡಿದ್ದು.

ಒಂದು ಲೋಟ
ಕುಡಿಯೋರ ಪರವಾಗಿ ಒಂದು ಪ್ರಶ್ನೆ. ರೈತರಿಗೆ ರೇಟು ಬಿದ್ದಾಗ ನಮ್ಮ ಪುಡಿ ರೇಟು ಯಾಕೆ ಇಳಿಯಲ್ಲ?

ಮೂಡಿಗೆರೆ ಮಳೆ
ನಮ್ಮಿಂದ ಹೋದ 50 ಕೆಜಿ ಚೆರ್ರಿಯಲ್ಲಿ ಸಿಪ್ಪೆ ಹೋಗಿ ಬೀಜ ಸಿಗೋದು 26-27 ಕೆಜಿ. ನಾವು ಔಟ್‌ಟರ್ನ್ ಅಂತೀವಿ. ಹುರಿದಾಗ ತೂಕ ಇನ್ನೂ ಇಳಿಯುತ್ತೆ. ಆಮೇಲೆ ಚಿಕೋರಿ ಸೇರಿ ತೂಕ ಮತ್ತೆ ಏರುತ್ತೆ. ನಡುವೆ ಎಷ್ಟು ಕೈ ಇದೆಯೋ ಅಷ್ಟು ಲಾಭ ಅಲ್ಲಲ್ಲೇ ನಿಲ್ಲುತ್ತೆ. ಬೆಳೆಗಾರ ಮತ್ತು ಲೋಟದ ನಡುವಿನ ಆ ಕೆಲಸಗಳಲ್ಲಿ ಒಂದಾದರೂ ಬೆಳೆಗಾರನ ಕೈಗೆ ಬಂದರೆ ಮಾತ್ರ ಲೆಕ್ಕ ಬದಲಾಗೋದು.

ಮೇಷ್ಟ್ರು ತಿಪಟೂರು
ಇಲ್ಲಿಗೆ ನಾನು ಬರಬೇಕಾಯಿತು. ಊರು ತಿಪಟೂರಾದರೂ ನೌಕರಿಯ ಹನ್ನೊಂದು ವರ್ಷ ಚಾಮರಾಜನಗರ ಜಿಲ್ಲೆಯಲ್ಲಿ ಕಳೆದೆ, ಯಳಂದೂರು ತಾಲ್ಲೂಕಿನ ಬೆಟ್ಟದ ಮಕ್ಕಳಿಗೆ ಪಾಠ ಹೇಳಿದೆ. ಸೋಲಿಗರ ಕಾಫಿಯ ಕಥೆ ಚೇಳೂರಿನವರು ಕಂಡಿದ್ದಕ್ಕಿಂತ ಉದ್ದ ಇದೆ.

ಮೊದಲು ಅವರು ಬೆಟ್ಟದಲ್ಲಿ ಜಾಗ ಬದಲಿಸುತ್ತ ರಾಗಿ, ಅವರೆ, ಸಾಸಿವೆ ಬೆಳೆಯುತ್ತಿದ್ದವರು. 1974ರಲ್ಲಿ ಅಭಯಾರಣ್ಯ ಆಯಿತು. ಪೋಡುಗಳು, ಅಂದರೆ ಅವರ ಹಟ್ಟಿಗಳು, ಒಂದೇ ಕಡೆ ನೆಲೆ ನಿಂತವು. ಬೇಸಾಯ ಕುಗ್ಗಿತು. ಉಳಿದಿದ್ದು ಕಾಡಿನ ಉತ್ಪನ್ನ: ಜೇನು, ನೆಲ್ಲಿ, ಸೀಗೆ, ಕಲ್ಲುಪಾಚಿ. ಲ್ಯಾಂಪ್ಸ್ ಸೊಸೈಟಿಗೆ, ಅಂದರೆ ಬುಡಕಟ್ಟು ಜನರ ಸಹಕಾರ ಸಂಘಕ್ಕೆ, ಹಾಕಿ ದುಡ್ಡು ತರುತ್ತಿದ್ದರು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯ ಮೇಲೆ ಅದನ್ನೂ ಮಾರಲು ಬಿಡಲಿಲ್ಲ. ಒಂದು ಮನೆಯ ನಗದು ಆದಾಯ ನಿಂತು ಹೋಗುವುದು ಅಂದರೆ ಏನು ಅಂತ ನಾನು ತರಗತಿಯಲ್ಲಿ ನೋಡಿದೆ. ಐದನೆಯ ತರಗತಿ ಮುಗಿಸಿದ ಹುಡುಗರು ಕೊಡಗಿನ ಎಸ್ಟೇಟಿಗೆ ಕೂಲಿಗೆ ಹೋದರು. ಪುಸ್ತಕದ ಚೀಲ ಮನೆಯ ಮೂಲೆಯಲ್ಲಿ ನೇತಾಡುತ್ತಿತ್ತು.

ಆ ಹೊತ್ತಿಗೆ ಮನೆ ಹಿಂದಿನ ಒಂದು-ಎರಡು ಎಕರೆಯ ಕಾಫಿ ಕೈ ಹಿಡಿಯಿತು. ನೀರಿಲ್ಲ, ಗೊಬ್ಬರದ ಸಾಲ ಇಲ್ಲ, ಕೊಯ್ಲು ಮನೆಯವರದೇ. ಹಾಗಾಗಿ ಇಳುವರಿ ಕಡಿಮೆಯಾದರೂ ಬಂದಿದ್ದು ಬಹುಪಾಲು ಉಳಿಯುತ್ತದೆ. ಚೇಳೂರಿನವರೇ, ನಿಮ್ಮ ಅಡಕೆ ತೋಟದ ಕಾಫಿಗೂ ಅವರದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಬೆಲೆ ಬಿದ್ದರೆ ಅವರಿಗೆ ಆದಾಯ ಕಡಿಮೆಯಾಗುತ್ತದೆ, ನಿಮಗಾದರೆ ಕೈಯಿಂದ ಹೋಗುತ್ತದೆ.

2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೆ ಸಾಗುವಳಿ ಜಮೀನಿಗೆ ಹಕ್ಕುಪತ್ರ ಸಿಗಲು ಶುರುವಾಯಿತು. 2011ರಲ್ಲಿ ಹುಲಿ ಮೀಸಲು ಪ್ರದೇಶವಾದ ವರ್ಷವೇ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕೂ ಸಿಕ್ಕಿತು. ಹುಲಿ ಮೀಸಲಿನೊಳಗೆ ಅಂಥದ್ದು ಆಗಿದ್ದು ದೇಶದಲ್ಲಿ ಮೊದಲು. ಕಾಫಿ ಗಿಡ ಎಷ್ಟೇ ಚೆನ್ನಾಗಿದ್ದರೂ ನೆಲದ ಮೇಲೆ ಹಕ್ಕಿಲ್ಲದವನು ಇಪ್ಪತ್ತು ವರ್ಷದ ಗಿಡ ಯಾಕೆ ನೆಡುತ್ತಾನೆ? ಲಾಭದ ಮಾತಾಡುವಾಗ ಇದನ್ನು ಬಿಟ್ಟು ಮಾತಾಡಬಾರದು.

ಇನ್ನು ಮಾರಾಟ. ಬಹಳ ವರ್ಷ ಒಣಗಿದ ಚೆರ್ರಿಯನ್ನು ಮನೆ ಬಾಗಿಲಿಗೆ ಬಂದ ವ್ಯಾಪಾರಿಗೆ ಅವನು ಹೇಳಿದ ಬೆಲೆಗೆ ಹಾಕಿದರು. ಮುಂಗಡ ತೆಗೆದುಕೊಂಡಿದ್ದರೆ ಬಾಯಿ ತೆರೆಯುವಂತಿಲ್ಲ. ಈಚೆಗೆ ಅವರದೇ ಕೂಟ ಕಟ್ಟಿಕೊಂಡು ಹಣ್ಣು ಆರಿಸಿ, ಸಂಸ್ಕರಿಸಿ ಪುಡಿ ಮಾಡಿ ಮಾರುವ ಕೆಲಸ ನಡೆದಿದೆ. ನನ್ನ ವಿದ್ಯಾರ್ಥಿನಿಯೊಬ್ಬಳು ಹಣ್ಣು ತೂಗುವ ಕಡೆ ಲೆಕ್ಕ ಬರೆಯುತ್ತಾಳೆ. ಮೊನ್ನೆ ಫೋನು ಮಾಡಿ "ಸಾರ್, ತೂಕ ಹಾಕಿ ಬಣ್ಣ ನೋಡಿ ದುಡ್ಡು ಕೊಡ್ತೀವಿ, ಹಸಿರು ಕಾಯಿ ತಂದ್ರೆ ವಾಪಸ್" ಅಂದಳು. ಆ ಗತ್ತು ಕೇಳಿ ನನಗೆ ಕಣ್ಣು ತುಂಬಿತು.

ಚೇಳೂರು ತೋಟ
ಮೇಷ್ಟ್ರೆ, ಎರಡು ಸಲ ಓದಿದೆ. ಮನೆಯವರಿಗೂ ಓದಿ ಹೇಳಿದೆ. ನಾನು ನೋಡಿದ್ದು ಗಿಡ ಮಾತ್ರ.

ಬಾಗೇಪಲ್ಲಿ ಬಂಡೆ
ಮೇಷ್ಟ್ರೆ, "ಪೋಡು" ಅನ್ನೋ ಪದ ನೋಡಿ ಆಶ್ಚರ್ಯ ಆಯ್ತು. ನಮ್ಮ ಕಡೆ ಮನೆಮಾತು ತೆಲುಗು. ತೆಲುಗಲ್ಲಿ ಪೋಡು ಅಂದ್ರೆ ಕಾಡು ಸುಟ್ಟು ಬೇಸಾಯ ಮಾಡೋದು. ಸೋಲಿಗರಿಗೆ ಅದೇ ಪದ ಊರು!

ನಮ್ಮ ಭಾವ ಅರಕು ಕಣಿವೆ ಹತ್ತಿರ ಪಾಡೇರಿನಲ್ಲಿ ಸರ್ಕಾರಿ ನೌಕರಿಯಲ್ಲಿದ್ದರು. ಅಲ್ಲಿ ಆದಿವಾಸಿಗಳ ಪೋಡು ಬೇಸಾಯ ಕಡಿಮೆ ಮಾಡಿಸೋಕೆ ಅಂತಲೇ ಬೆಟ್ಟದಲ್ಲಿ ಸಿಲ್ವರ್ ಓಕ್ ನೆಟ್ಟು, ಕೆಳಗೆ ಅರೇಬಿಕಾ, ಮರಕ್ಕೆ ಮೆಣಸು ಮಾಡಿಸಿದರು. ಇದ್ದ ಕಾಡಿನ ಕೆಳಗೆ ಬೆಳೆದಿದ್ದಲ್ಲ, ಬೋಳಾದ ಗುಡ್ಡಕ್ಕೆ ಮರ ತಂದು ಬೆಳೆದಿದ್ದು. ಆಮೇಲೆ ಊರೂರಲ್ಲಿ ಹಣ್ಣು ಕೊಂಡು ಒಂದೇ ಕಡೆ ಸಂಸ್ಕರಿಸೋ ಸಹಕಾರಿ ವ್ಯವಸ್ಥೆ ಬಂತು. 2017ರಲ್ಲಿ ಪ್ಯಾರಿಸ್ಸಲ್ಲಿ ಅರಕು ಕಾಫಿ ಅಂಗಡಿ ತೆರೆದರು. 2019ರಲ್ಲಿ ಜಿಐ, ಅಂದ್ರೆ ಆ ಊರಿನದೇ ಬೆಳೆ ಅನ್ನೋ ಭೌಗೋಳಿಕ ಗುರುತು ಸಿಕ್ಕಿತು, ಅದೇ ಸಲ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಕ್ಕೂ, ವಯನಾಡ್ ರೊಬಸ್ಟಾಕ್ಕೂ ಸಿಕ್ಕಿದ್ದು. ಅಲ್ಲಿ ಎಲ್ಲಾ ಚೆಂದ ಅಂತ ಹೇಳಲ್ಲ, ರಸ್ತೆ ಇಲ್ಲದ ಊರಿನವರು ಇವತ್ತೂ ದಲ್ಲಾಳಿಗೇ ಹಾಕ್ತಾರೆ.

ಬಯಲು ಮಣ್ಣು
ಎಲ್ಲಾ ಸರಿ. ಆದ್ರೆ ಅರಕು, ಬಿಳಿಗಿರಿ, ಕೊಡಗು ಎಲ್ಲಾ ಕಡೆ ಮಳೆ ಇದೆ. ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

@ಹುಳಿಯಾರ್ ಹೈದ ತಮ್ಮಾ, "ಅದೇ ನೀರಲ್ಲಿ" ಅಂದ್ರಿ. ನಿಜ ಹೇಳಿ, ಕಾಫಿ ಹಾಕಿದ ಮೇಲೆ ಮೋಟರ್ ಓಡೋ ಗಂಟೆ ಜಾಸ್ತಿ ಆಗಲಿಲ್ವಾ?

ಹುಳಿಯಾರ್ ಹೈದ
ಆಗಿದೆ ಅಣ್ಣ. ಬೇಸಿಗೆಯಲ್ಲಿ ದಿನಕ್ಕೆ ಒಂದು ಗಂಟೆ, ಒಂದೂವರೆ ಗಂಟೆ ಜಾಸ್ತಿ. ಹೂವಿನ ಸ್ಪ್ರಿಂಕ್ಲರ್ ಬೇರೆ. ಆ ವಾರ ಅಡಕೆಯ ಇನ್ನೊಂದು ಭಾಗಕ್ಕೆ ನೀರು ಬಿಡಲಿಲ್ಲ. ನಮ್ಮಲ್ಲಿ ಹೇಮಾವತಿ ನೀರು ಕೆರೆಗೆ ಬಂದ ವರ್ಷ ಗೊತ್ತಾಗಲ್ಲ, ಬರದ ವರ್ಷ ಗೊತ್ತಾಗುತ್ತೆ.

ಬಯಲು ಮಣ್ಣು
ನಿಜ ಹೇಳಿದ್ದಕ್ಕೆ ಥ್ಯಾಂಕ್ಸ್ ತಮ್ಮಾ. ಇಷ್ಟೇ ಕೇಳಿದ್ದು.

ಕುಣಿಗಲ್ ಸೀಮೆ
ನೀವೆಲ್ಲ ಗಂಡಸರು ರೇಟು, ನೀರು ಅಂತಿದ್ದೀರ. ತೋಟದೊಳಗೆ ಬಗ್ಗಿ ಹಣ್ಣು ಬಿಡಿಸೋರು ನಾವು. 2019-20ರಲ್ಲಿ ಹೆಬ್ಬೂರು, ಸಿ.ಎಸ್. ಪುರ ಕಡೆ ಚಿರತೆ ಜನರನ್ನ ಕೊಂದಾಗ ಎಷ್ಟೋ ತಿಂಗಳು ಹುಲ್ಲಿಗೆ ಒಬ್ಬೊಬ್ಬರೇ ಹೋಗಲಿಲ್ಲ. ಅಡಕೆ ತೋಟ ಆದ್ರೆ ಈ ತುದಿಯಿಂದ ಆ ತುದಿ ಕಾಣುತ್ತೆ. ಎದೆಮಟ್ಟ ಕಾಫಿ ಬೆಳೆಸಿದ್ರೆ ಹತ್ತು ಹೆಜ್ಜೆ ಆಚೆ ಏನಿದೆ ಕಾಣಲ್ಲ. ಚೇಳೂರಿನವರದ್ದು ಕಾಡಂಚು ಬೇರೆ. ಬುಡ ಚೊಕ್ಕ ಇಟ್ಕೊಳ್ಳಿ, ಆಳುಗಳನ್ನ ಗುಂಪಲ್ಲೇ ಕಳಿಸಿ, ಸಂಜೆ ಐದಕ್ಕೆ ಬಿಟ್ಟುಬಿಡಿ. ಕೂಲಿ ಜೊತೆ ಇದನ್ನೂ ಲೆಕ್ಕಕ್ಕೆ ಸೇರಿಸ್ಕೊಳ್ಳಿ.

ಸೋಮವಾರಪೇಟೆ ಅಕ್ಕ
ಸರಿಯಾಗಿ ಹೇಳಿದಿರಿ ತಂಗಿ. ನಮ್ಮಲ್ಲಿ ಆನೆ. ಬೆಳಿಗ್ಗೆ ಆನೆ ಇಲ್ಲ ಅಂತ ಖಾತ್ರಿ ಆಗೋವರೆಗೆ ಕೆಲಸದವರನ್ನ ತೋಟಕ್ಕೆ ಇಳಿಸುವುದಿಲ್ಲ. ಹಲಸಿನ ಕಾಯಿ ಮಾಗುವ ಮೊದಲೇ ಇಳಿಸಿಬಿಡ್ತೇವೆ, ವಾಸನೆಗೆ ಬರ್ತಾವೆ ಅಂತ.

ಒಂದು ಲೋಟ
ಹಲಸು ಅಂದ ಕೂಡಲೇ ನೆನಪಾಯ್ತು, ಚೇಳೂರು ಅಂದ್ರೆ ಹಲಸಿನ ಊರಲ್ವಾ? ಆ ಕೆಂಪು ತೊಳೆಯ ಸಿದ್ದು ಹಲಸು ನಿಮ್ಮ ಹೋಬಳಿದೇ ತಾನೆ? ಕಸಿ ಗಿಡ ಎಲ್ಲಿ ಸಿಗುತ್ತೆ?

ಚೇಳೂರು ತೋಟ
ಹೌದು, ನಮ್ಮ ಹೋಬಳಿಯ ಮರನೇ. ಹಿರೇಹಳ್ಳಿಯ ತೋಟಗಾರಿಕೆ ಕೇಂದ್ರದವರು ಗುರುತಿಸಿ ಕಸಿ ಕಟ್ಟಿದ್ದು. ಅಲ್ಲೇ ವಿಚಾರಿಸಿ.

ಶಿಡ್ಲಘಟ್ಟ ಸೊಪ್ಪು
ಮಾತು ಹಲಸಿಗೆ ಬಂತಲ್ಲ, ಅದಕ್ಕೇ ಕಾಯ್ತಿದ್ದೆ. ಚೇಳೂರಣ್ಣ, ನಿಮ್ಮ ಮೊದಲ ಬರಹ ಇನ್ನೊಂದು ಸಲ ಓದಿ. ಒಂದೂವರೆ ಎಕರೆ ಕಾಡಂಚು, ಹುಣಸೆ, ಹೊಂಗೆ, ಹಲಸು "ಬಿಟ್ಟರೆ ಏನಿಲ್ಲ" ಅಂತ ಬರೆದಿದ್ದೀರ. ಸೋಲಿಗರಿಗೆ ಕಾಫಿ ಹೆಂಗೋ ನಮ್ಮ ನೆಲಕ್ಕೆ ಆ ಮೂರು ಹಂಗೆ! ನೀರು ಕೇಳಲ್ಲ, ಗೊಬ್ಬರ ಕೇಳಲ್ಲ. ತುಮಕೂರು ಮಾರ್ಕೆಟ್ಟಿಗೆ ಹುಣಸೆಹಣ್ಣು ಎಲ್ಲೆಲ್ಲಿಂದ ಬರುತ್ತೆ, ನಿಮ್ಮ ಮನೆ ಮುಂದೆ ಇರೋ ಮಾರ್ಕೆಟ್ಟು ಅದು.

ನಾವು ಎರಡು ಎಕರೆ ನೀಲಗಿರಿ ಇಟ್ಟಿದ್ವಿ, ನಮ್ಮ ಅಣ್ಣನ ಕಾಲದಲ್ಲಿ. 2017ರಲ್ಲಿ ಸರ್ಕಾರ ನೀಲಗಿರಿ ನೆಡೋದನ್ನ ನಿಲ್ಲಿಸ್ತು, ಆಮೇಲೆ ನಾವೂ ಬೇರು ಸಮೇತ ತೆಗೆಸಿದ್ವಿ. ಈಗ ಅಲ್ಲಿ ಹುಣಸೆ, ನೇರಳೆ, ಹಲಸು, ಬದುವಿಗೆ ಹೆಬ್ಬೇವು, ನಡುವೆ ಮಳೆಗಾಲಕ್ಕೆ ಹುರುಳಿ, ಅವರೆ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಸಸಿ ಕಡಿಮೆ ರೇಟಿಗೆ ಸಿಕ್ಕಿತು. ಬದುಕಿದ ಗಿಡಕ್ಕೆ ಮೂರು ವರ್ಷದಲ್ಲಿ 125 ರೂಪಾಯಿ ಕೊಡ್ತಾರೆ, ಮೊದಲ ವರ್ಷ 35, ಆಮೇಲೆ 40, ಆಮೇಲೆ 50. ಮೊದಲ ಮೂರು ವರ್ಷ ಬೇಸಿಗೆಯಲ್ಲಿ ಟ್ಯಾಂಕರಲ್ಲಿ ನೀರು ಹಾಕಿದ್ದು ಬಿಟ್ಟರೆ ಬೋರು ಮುಟ್ಟಿಲ್ಲ.

ಲೆಕ್ಕದ ಪುಸ್ತಕ
ಹುಣಸೆ ಕಾಯಿ ಬಿಡಲು ಕಸಿ ಗಿಡಕ್ಕೂ ನಾಲ್ಕೈದು ವರ್ಷ, ಬೀಜದ್ದಕ್ಕೆ ಅದರ ಎರಡರಷ್ಟು. ಹುಣಸೆಗೂ ಒಂದು ವರ್ಷ ಭಾರ, ಒಂದು ವರ್ಷ ಹಗುರ. ಅದನ್ನೂ ಹೇಳಬೇಕಲ್ಲ.

ಶಿಡ್ಲಘಟ್ಟ ಸೊಪ್ಪು
ಹೇಳ್ತೀನಿ ಸಾರ್, ನಿಜನೇ. ಅದಕ್ಕೇ ರೇಷ್ಮೆ ಬಿಟ್ಟಿಲ್ಲ ನಾವು. ಆದ್ರೆ ಹುಣಸೆಗೆ ಕಾಯೋವಾಗ ಮೀಟರ್ ಓಡಲ್ಲ, ಬಡ್ಡಿ ಬೆಳೆಯಲ್ಲ.

ಹಾನುಬಾಳು
ಕಾಫಿನೇ ಹಾಕ್ತೀನಿ ಅನ್ನೋರಿಗೆ ಒಂದು ಮಾತು. 1990ರ ದಶಕದವರೆಗೆ ಬೆಳೆದಿದ್ದನ್ನೆಲ್ಲ ಕಾಫಿ ಮಂಡಳಿಯ ಪೂಲಿಗೇ (ಎಲ್ಲರದ್ದೂ ಸೇರೋ ಒಟ್ಟು ದಾಸ್ತಾನಿಗೆ) ಹಾಕಬೇಕಿತ್ತು, ದುಡ್ಡು ಕಂತಲ್ಲಿ ಬರ್ತಿತ್ತು. 1996ಕ್ಕೆ ಎಲ್ಲಾ ಮುಕ್ತ ಆಯ್ತು. ಸಕಲೇಶಪುರ, ಹಾಸನ, ಚಿಕ್ಕಮಗಳೂರಲ್ಲಿ ಇವತ್ತಿನ ರೇಟು ಕೇಳಿ ಇವತ್ತೇ ಮಾರಬಹುದು. ತುಮಕೂರು ಎಪಿಎಂಸಿಯಲ್ಲಿ ಅಡಕೆ ಥರ ಹರಾಜಿಲ್ಲ. ಹತ್ತು ಮೂಟೆಗೆ ಒಬ್ಬರೇ ಗಾಡಿ ಮಾಡಿದ್ರೆ ಲಾಸು, ನಾಲ್ಕು ಜನ ಸೇರಿ. ತೇವ ಜಾಸ್ತಿ ಇದ್ರೆ ದುಡ್ಡು ಮುರ್ಕೊಳ್ತಾರೆ, ಅದಕ್ಕೇ ಪೂರಾ ಒಣಗಿಸಿ ತನ್ನಿ.

ಇನ್ನೊಂದು, ಕಾಡಂಚಿನ ಜಮೀನು ಅಂದ್ರಲ್ಲ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಯುರೋಪಿಗೆ ಬರಬಾರದು ಅಂತ ಅಲ್ಲಿನವರು 2023ರಲ್ಲಿ ನಿಯಮ ತಂದಿದ್ದಾರೆ, ಜಾರಿ ಮುಂದೆ ಹಾಕ್ತಾ ಬಂದಿದ್ದಾರೆ. ಹೊರದೇಶಕ್ಕೆ ಹೋಗೋ ನಮ್ಮ ಕಾಫಿಯಲ್ಲಿ ದೊಡ್ಡ ಪಾಲು ಹೋಗೋದು ಆ ಕಡೆಗೇ. ಹಾಗಾಗಿ ಇರೋ ಮರ ಕಡಿದು ಕಾಫಿ ಇಡೋ ಯೋಚನೆ ಯಾರೂ ಮಾಡಬೇಡಿ. ಪಹಣಿ, ಸ್ಕೆಚ್ಚು ಸರಿ ಇಟ್ಕೊಳ್ಳಿ.

ಸೋಮವಾರಪೇಟೆ ಅಕ್ಕ
ಮರ ಕಡಿದು ಕಾಫಿ ಇಟ್ಟರೆ ಅದಕ್ಕೆ ಕಾಫಿ ತೋಟ ಅಂತ ನಮ್ಮ ಅತ್ತೆ ಕರೆಯುತ್ತಲೇ ಇರಲಿಲ್ಲ.

ಚೇಳೂರು ತೋಟ
ಮೂರು ದಿನದಿಂದ ಎಲ್ಲಾ ಓದಿ, ನಿನ್ನೆ ರಾತ್ರಿ ಮನೆಯಲ್ಲಿ ಕೂತು ಮಾತಾಡಿದ್ವಿ. ಮೂರು ಎಕರೆಗೂ ಕಾಫಿ ಹಾಕಲ್ಲ. ಒಳ್ಳೆ ಬೋರು ಇರೋ ಮೂಲೆಯಲ್ಲಿ ನೂರು ರೊಬಸ್ಟಾ ಇಡ್ತೀನಿ, ಸಸಿ ಗಾಡಿಯವರ ಹತ್ತಿರ ಅಲ್ಲ, ಮೂಡಿಗೆರೆ ಸರ್‌ನ ಕೇಳಿ ನಂಬಿಕೆಯ ಕಡೆಯಿಂದ. ಕೊಯ್ಲು ಮನೆಯವರೇ ಮಾಡೋ ಅಷ್ಟು ಮಾತ್ರ, ಆಳಿನ ಲೆಕ್ಕವೇ ಬೇಡ. ಖುಷ್ಕಿಯಲ್ಲಿ ಈ ಮುಂಗಾರಿಗೆ ಹುಣಸೆ ಕಸಿ ಇಪ್ಪತ್ತು, ಸಿದ್ದು ಹಲಸು ಹನ್ನೆರಡು, ನೆಲ್ಲಿ ಒಂದಷ್ಟು. ಇರೋ ಹೊಂಗೆ ಹಂಗೇ ಇರುತ್ತೆ.

ನಮ್ಮಮ್ಮ ಒಂದೇ ಪ್ರಶ್ನೆ ಕೇಳಿದ್ರು, "ಆ ಹುಣಸೆ ಕೆಳಗೆ ಏನೂ ಬೆಳೆಯಲ್ಲ ಅಂತ ನಿಮ್ಮಪ್ಪ ಬೈತಿದ್ರಲ್ಲ, ಈಗ ಇಪ್ಪತ್ತು ಹಾಕ್ತೀಯಾ?" ಉತ್ತರ ಕೊಡೋಕಾಗ್ಲಿಲ್ಲ.

ಶಿಡ್ಲಘಟ್ಟ ಸೊಪ್ಪು
ನಿಮ್ಮಮ್ಮ ಸರಿ ಕೇಳಿದ್ದಾರೆ. ಹುಣಸೆ ನೆರಳಲ್ಲಿ ಬೆಳೆ ಕಷ್ಟ. ಉತ್ತರದ ಬದುವಿಗೆ ಒಂದೇ ಸಾಲು ಇಡಿ, ಮೂವತ್ತು ಅಡಿ ಬಿಟ್ಟು. ಹೊಲದ ಒಳಗೆ ಬೇಡ.

ಬಯಲು ಮಣ್ಣು
ನೂರು ಗಿಡ ಇಡೋದಕ್ಕೆ ಮುಂಚೆ ಒಂದು ಕೆಲಸ ಮಾಡಿ ಅಣ್ಣ. ಈ ಬೇಸಿಗೆ ಪೂರ್ತಿ ಮೋಟರ್ ಎಷ್ಟು ಗಂಟೆ ಓಡ್ತು, ಬೋರಿನ ಪೈಪಲ್ಲಿ ನೀರು ಎಷ್ಟು ಇಂಚು ಬಂತು ಅಂತ ದಿನಾ ಬರೆದಿಡಿ. ಕಾಫಿ ಇಟ್ಟ ಮೇಲಿನ ಬೇಸಿಗೆಯೂ ಬರೀರಿ. ಎರಡನ್ನೂ ಇಲ್ಲಿ ಹಾಕಿ. ನಾನು ಹೇಳಿದ್ದು ತಪ್ಪಾದ್ರೆ ಇಲ್ಲೇ ಬಂದು ಒಪ್ಕೊಳ್ತೀನಿ.

ಚೇಳೂರು ತೋಟ
ಬರೀತೀನಿ ಅಣ್ಣ. ಮಗಳ ಹಳೇ ನೋಟ್‌ಬುಕ್ ಮೋಟರ್ ಮನೆಯಲ್ಲಿ ನೇತು ಹಾಕಿ ಬಂದೆ, ಪೆನ್ನಿಗೆ ದಾರ ಕಟ್ಟಿ. ಇವತ್ತಿನದು: ಬೆಳಿಗ್ಗೆ ಆರರಿಂದ ಹತ್ತೂವರೆ, ಎರಡು ಇಂಚು, ಕೊನೆಯ ಅರ್ಧ ಗಂಟೆ ಒಂದೂವರೆ.

ಹುಳಿಯಾರ್ ಹೈದ
ಚೇಳೂರಣ್ಣ, ಡಿಸೆಂಬರ್ ಎರಡನೇ ವಾರ ನಮ್ಮಲ್ಲಿ ಕೊಯ್ಲು. ಮನೆಯವರನ್ನ ಕರ್ಕೊಂಡು ಬಂದು ಒಂದು ದಿನ ಹಣ್ಣು ಬಿಡಿಸಿ ನೋಡಿ. ಸೊಂಟ ಏನು ಹೇಳುತ್ತೆ ಕೇಳಿ, ಆಮೇಲೆ ಗುಂಡಿ ತೆಗೆಸಿ.